ಡಾಕ್ಟರ ಸೂರಿ ಭಗವಂತಂ ಅವರ ಜೀವನಕಾರ್ಯ

ಉಪ್ಪಿನ ಹರಳಿನ ಬೆಲೆಯೇನೆಂಬದನ್ನು ಅಂಕೋಲೆಯ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ೧೯೩೦ನೆಯ ಇಸವಿಯ ಎಪ್ರಿಲ್ ೧೩ರಂದು ಶ್ರೀ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹವು ಮೊದಲಾದದ್ದು ಆ ಊರಿನ ಕಡಲತಡಿಯಲ್ಲಿಯೇ. ಅಂದು ಕೈಯಲ್ಲಿ ಹಿಡಿದ ಚಿಟಿಕೆ ಉಪ್ಪಿಗಾಗಿ ಸೆರೆಮನೆಗೆ ಹೋದವರ ತ್ಯಾಗವು ನಾಡಿಗೆ ತಿಳಿದದ್ದೇ ಆಗಿರುವದು. ಆದರೆ ಅದೇ ಉಪ್ಪಿನ ಕಣದಲ್ಲಿ ಇನ್ನೊಂದು ಶಾಸನವು ಅಡಗಿದೆ. ಅದನ್ನು ಯಾವ ಸರಕಾರವೂ ಹೊರಡಿಸಿದ್ದಲ್ಲ, ಯಾವ ಸತ್ಯಾಗ್ರಹದಿಂದಲೂ ಮುರಿಯತಕ್ಕದ್ದಲ್ಲ. ಉಪ್ಪಿನ ಹರಳನ್ನು ಎಷ್ಟು ಒಡೆದರೂ ಅದು ಘನಾಕಾರದ ತುಂಡುಗಳಾಗಿಯೇ ಒಡೆಯುವದು. ಒಳಗಿನ ಪರಮಾಣುಗಳು ಸಾಲುಸಾಲಾಗಿ ನಿಯಮಕ್ಕೆ ಕಟ್ಟುಬಿದ್ದು ನಿಂತಿರುವದೇ ಇದಕ್ಕೆ ಕಾರಣ. ಈ ನಿಯಮಕ್ಕೆ ವಿದ್ವಾಂಸರು ಸಮಮಿತಿಯೆಂದು ಹೆಸರಿಟ್ಟಿರುವರು. ಹರಳಿನ ಸಮಮಿತಿಯಿಂದ ಅದರ ಗುಣಗಳನ್ನು, ಕೊನೆಗೆ ಅದರ ಕಾಂತತ್ವವನ್ನು ಸಹ ತರ್ಕಿಸಿ ತಿಳಿಯುವ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಅಗ್ರಗಣ್ಯರು ಡಾಕ್ಟರ ಸೂರಿ ಭಗವಂತಂ ಅವರು. ಅವರ ಜೀವನಕಾರ್ಯವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವಾಗಿದೆ.

ಭಗವಂತಂ ಅವರು ೧೯೦೯ನೆಯ ಇಸವಿಯ ಅಕ್ಟೋಬರ ೧೪ರಂದು ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಜನಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಜಮಶೇಟಜಿ ಟಾಟಾ ಅವರ ಸಂಕಲ್ಪದ ಫಲವಾದ ಭಾರತೀಯ ವಿಜ್ಞಾನ ಸಂಸ್ಥೆಯೂ ಹುಟ್ಟಿತು. ಇಬ್ಬರದೂ ಒಂದೇ ಪ್ರಾಯ. ಅರ್ಧ ಶತಮಾನದ ತರುವಾಯ ಒಬ್ಬರು ಇನ್ನೊಬ್ಬರ ಮೇಲ್ವಿಚಾರಕರಾಗುವ ಯೋಗವಿತ್ತು. ಹೈದರಾಬಾದಿನ ನಿಜಾಮ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿದ ಭಗವಂತಂ ಅವರು ೧೯೨೮ರಲ್ಲಿ ಕಲಕತ್ತೆಗೆ ತೆರಳಿ ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಆ ವರ್ಷದ ಫೆಬ್ರುವರಿ ೨೮ರಂದು ರಾಮನ್ ಪರಿಣಾಮವು ಗೋಚರವಾಗಿದ್ದಿತು. ಹತ್ತೊಂಬತ್ತರ ತರುಣನಿಗೆ ಇದಕ್ಕಿಂತ ಒಳ್ಳೆಯ ಗುರುಕುಲವು ಪ್ರಪಂಚದಲ್ಲಿ ಬೇರೆಲ್ಲಿಯೂ ದೊರೆಯುವಂತಿರಲಿಲ್ಲ. ಗುರುಶಿಷ್ಯರಿಬ್ಬರೂ ಕೂಡಿ ೧೯೩೧ರಲ್ಲಿ ಬೆಳಕಿನ ಕಣಕ್ಕೆ ತನ್ನದೇ ಆದ ಭ್ರಮಣವಿರುವದೆಂಬದನ್ನು ಪ್ರಯೋಗದಿಂದ ತೋರಿಸಿದರು. ಭ್ರಮಣವೆಂಬ ಈ ಸಂಗತಿಯು ಮುಂದೆ ಕಾಂತತ್ವದ ಅಭ್ಯಾಸದಲ್ಲಿ ಬೇರೊಂದು ರೂಪದಿಂದ ಅವರೆದುರಿಗೆ ಬಂದು ನಿಲ್ಲುವದಿತ್ತು.

೧೯೩೨ರಲ್ಲಿ ಅವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು. ಆಗ ಡಾಕ್ಟರ ರಾಧಾಕೃಷ್ಣನ್ ಅವರು ಅಲ್ಲಿಯ ಕುಲಪತಿಗಳಾಗಿದ್ದರು. ಹೊಸ ವಿಶ್ವವಿದ್ಯಾಲಯ, ಸಣ್ಣ ಪ್ರಯೋಗಶಾಲೆ, ಎಣಿಕೆಯ ಸಲಕರಣೆಗಳು: ಇಂಥ ಪರಿಸ್ಥಿತಿಯಲ್ಲಿ ವಿಲಾಯತಿಯ ಶ್ರೀಮಂತ ಪ್ರಯೋಗಶಾಲೆಗಳೊಡನೆ ಸ್ಪರ್ಧಿಸುವದೆಂತು? ಭಗವಂತಂ ಅವರು ಕಂಡುಕೊಂಡ ದಾರಿಯು ಬುದ್ಧಿಯ ದಾರಿಯಾಗಿದ್ದಿತು. ಯಂತ್ರಗಳಿಗೆ ಹಣ ಬೇಕು. ಗಣಿತಕ್ಕೆ ಕಾಗದ ಮತ್ತು ಏಕಾಗ್ರತೆ ಸಾಕು. ಗಣಿತಜ್ಞರು ಗ್ರೂಪ್ ಥಿಯರಿಯೆಂದು ಕರೆಯುವ ಸಮೂಹ-ಸಿದ್ಧಾಂತವನ್ನು ಅವರು ವೆಂಕಟರಾಯುಡು ಅವರೊಡನೆ ಹರಳುಗಳಿಗೆ ಅನ್ವಯಿಸತೊಡಗಿದರು. ಹರಳಿನ ಒಳಗೆ ಪರಮಾಣುಗಳು ಯಾವ ಯಾವ ರೀತಿಯಲ್ಲಿ ಕಂಪಿಸಬಲ್ಲವು, ಅವುಗಳಲ್ಲಿ ಯಾವ ಕಂಪನಗಳು ರಾಮನ್ ಪರಿಣಾಮದಲ್ಲಿ ಕಾಣಿಸಿಕೊಳ್ಳುವವು ಎಂಬದನ್ನು ಹರಳಿನ ಸಮಮಿತಿಯೊಂದರಿಂದಲೇ ಎಣಿಸಿ ಹೇಳುವ ವಿಧಾನವನ್ನು ೧೯೩೯ರ ಸುಮಾರಿಗೆ ಇವರಿಬ್ಬರೂ ರೂಪಿಸಿದರು. ಆ ವಿಧಾನವು ಇಂದಿಗೂ ಅವರಿಬ್ಬರ ಹೆಸರಿನಿಂದ ಬಳಕೆಯಲ್ಲಿರುವದು. ಇದೇ ವಿಷಯವನ್ನು ಕುರಿತು ಅವರಿಬ್ಬರು ಬರೆದ ಗ್ರಂಥವು ೧೯೪೮ರಲ್ಲಿ ವಾಲ್ಟೇರಿನಲ್ಲಿಯೇ ಅಚ್ಚಾಯಿತು.

ಸಮಮಿತಿಯೆಂದರೇನೆಂಬದನ್ನು ಇಲ್ಲಿ ತುಸು ವಿವರಿಸುವದು ಅವಶ್ಯವೆಂದು ನಾವು ಭಾವಿಸುತ್ತೇವೆ. ನಮ್ಮ ಮನೆಗಳ ಮುಂದೆ ಹೆಣ್ಣುಮಕ್ಕಳು ಬಿಡಿಸುವ ಎಂಟೆಸಳಿನ ರಂಗೋಲಿಯನ್ನು ಎಂಟನೆಯ ಒಂದು ಸುತ್ತು ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುವದು. ಕನ್ನಡಿಯಲ್ಲಿ ನೋಡಿದರೂ ಹಾಗೆಯೇ. ಒಂದು ವಸ್ತುವನ್ನು ತಿರುಗಿಸಿದರೂ ಪ್ರತಿಬಿಂಬಿಸಿದರೂ ಅದು ಬದಲಾಗದಂತೆ ಉಳಿಯುವ ಗುಣವೇ ಸಮಮಿತಿ. ಪ್ರಕೃತಿಯಲ್ಲಿರುವ ಹರಳುಗಳನ್ನೆಲ್ಲ ಈ ದೃಷ್ಟಿಯಿಂದ ವಿಂಗಡಿಸಿದರೆ ೩೨ ವರ್ಗಗಳು ಮಾತ್ರ ದೊರೆಯುವವೆಂದು ೧೮೩೦ರಲ್ಲಿಯೇ ಜರ್ಮನಿಯ ಹೆಸೆಲ್ ತೋರಿಸಿದ್ದನು. ಒಳಗಿನ ಪರಮಾಣುಗಳ ಸಾಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ೨೩೦ ವಿನ್ಯಾಸಗಳಾಗುವವೆಂದು ೧೮೯೧ರಲ್ಲಿ ರಶಿಯದ ಫೆಡೊರೊವ್ ಮತ್ತು ಜರ್ಮನಿಯ ಶೋನ್‌ಫ್ಲೀಸ್ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಇನ್ನು, ಹರಳಿನ ಸಮಮಿತಿ ಎಷ್ಟಿರುವದೋ ಅಷ್ಟನ್ನು ಅದರ ಪ್ರತಿಯೊಂದು ಭೌತಿಕ ಗುಣವೂ ಗೌರವಿಸಲೇಬೇಕೆಂಬ ಸೂತ್ರವು ನ್ಯೂಮನ್ನನ ಹೆಸರಿನಿಂದ ಪ್ರಸಿದ್ಧವಾಗಿದೆ. ಫ್ರಾನ್ಸಿನ ಪಿಯೇರ್ ಕ್ಯೂರಿಯು ೧೮೯೪ರಲ್ಲಿ ಈ ವಿಚಾರವನ್ನು ವಿದ್ಯುತ್ತು ಮತ್ತು ಕಾಂತತ್ವಗಳಿಗೆ ವಿಸ್ತರಿಸಿದನು.

ಇದರ ಪ್ರಯೋಜನವೇನೆಂದು ಕೇಳುವವರಿಗೆ ಒಂದು ಉದಾಹರಣೆಯು ಸಾಕು. ಯಾವ ಸಮಮಿತಿಯೂ ಇಲ್ಲದ ಹರಳಿನ ಸ್ಥಿತಿಸ್ಥಾಪಕತ್ವವನ್ನು ಪೂರ್ಣವಾಗಿ ಅರಿಯಬೇಕಾದರೆ ೨೧ ಬೇರೆ ಬೇರೆ ಅಂಕಗಳನ್ನು ಅಳೆಯಬೇಕು. ಉಪ್ಪಿನಂತೆ, ವಜ್ರದಂತೆ ಘನವರ್ಗಕ್ಕೆ ಸೇರಿದ ಹರಳಿಗೆ ೩ ಅಂಕಗಳು ಸಾಕು. ಉಳಿದ ಹದಿನೆಂಟು ಒಂದೋ ಸೊನ್ನೆಯಾಗಿರಬೇಕು, ಇಲ್ಲವೇ ಈ ಮೂರರಲ್ಲಿಯೇ ಅಡಗಿರಬೇಕು; ಸಮಮಿತಿಯ ಆಜ್ಞೆಯೇ ಹಾಗಿದೆ. ಕಾಯದೆಯನ್ನು ಬಲ್ಲ ನ್ಯಾಯಾಧೀಶನು ಸಾಕ್ಷಿಗಳನ್ನು ಕರೆಯುವ ಮುಂಚೆಯೇ ಯಾವ ದಾವೆ ನಿಲ್ಲುವದು, ಯಾವದು ನಿಲ್ಲದು ಎಂಬದನ್ನು ಹೇಳಬಲ್ಲನು. ಡಿಕ್ರಿಯ ಮೊತ್ತವೆಷ್ಟೆಂಬದಕ್ಕೆ ಮಾತ್ರ ಸಾಕ್ಷಿ ಬೇಕು. ಸಮಮಿತಿಯ ಅಧಿಕಾರವೂ ಇಷ್ಟೇ ಆಗಿದೆ, ಇಷ್ಟು ಬಲವಾಗಿಯೂ ಇದೆ. ಭಗವಂತಂ ಅವರು ೧೯೪೨ರಲ್ಲಿ, ಒತ್ತಡಕ್ಕೊಳಗಾದ ಹರಳಿನಲ್ಲಿ ಬೆಳಕು ನಡೆಯುವ ಬಗೆಯನ್ನು ಈ ನ್ಯಾಯದಿಂದ ಪರಿಶೀಲಿಸಿ, ಆವರೆಗೆ ಎಲ್ಲರೂ ಪ್ರಮಾಣವೆಂದು ನಂಬಿದ್ದ ಜರ್ಮನ್ ವಿದ್ವಾಂಸ ಪಾಕೆಲ್ಸನ ಪಟ್ಟಿಯಲ್ಲಿ ಕೆಲವು ವರ್ಗಗಳಿಗೆ ತಿದ್ದುಪಡಿಯು ಅವಶ್ಯವೆಂದು ತೋರಿಸಿದರು. ಪರಾಧೀನ ದೇಶದ ಒಂದು ಚಿಕ್ಕ ಪ್ರಯೋಗಶಾಲೆಯಿಂದ ಯುರೋಪಿನ ಪ್ರಮಾಣಗ್ರಂಥಕ್ಕೆ ತಿದ್ದುಪಡಿಯು ಹೋದದ್ದು ಸಾಮಾನ್ಯ ಸಂಗತಿಯಲ್ಲ. ತರ್ಕವೊಂದರಲ್ಲಿಯೇ ಅವರು ತೃಪ್ತರಾದವರೂ ಅಲ್ಲ. ಭೀಮಸೇನಾಚಾರ್ ಅವರೊಡನೆ ವಜ್ರದ ಆ ಮೂರು ಅಂಕಗಳನ್ನು ಪ್ರತ್ಯಕ್ಷವಾಗಿ ಅಳೆದರು.

ಸ್ವಾತಂತ್ರ್ಯಾನಂತರ ೧೯೪೮ರಲ್ಲಿ ಭಗವಂತಂ ಅವರು ಲಂಡನ್ನಿನ ಭಾರತೀಯ ಹೈಕಮೀಶನರ ಕಚೇರಿಯಲ್ಲಿ ವೈಜ್ಞಾನಿಕ ಸಂಪರ್ಕಾಧಿಕಾರಿಗಳಾದರು. ೧೯೪೯ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದು ೧೯೫೨ರಿಂದ ೧೯೫೭ರ ವರೆಗೆ ಅದರ ಕುಲಪತಿಗಳಾಗಿದ್ದರು. ಆ ೧೯೪೯ನೆಯ ವರ್ಷವು ಕಾಂತಶಾಸ್ತ್ರದ ಇತಿಹಾಸದಲ್ಲಿಯೂ ಸ್ಮರಣೀಯವಾದದ್ದು. ಕಾರವಾರ ಜಿಲ್ಲೆಯ ಜೋಯಿಡಾ ಸೀಮೆಯವರಿಗೆ ಮ್ಯಾಂಗನೀಸ ಅದಿರು ಹೊಸದಲ್ಲ. ಆ ಲೋಹದ ಪರಮಾಣುವೊಂದು ಆಮ್ಲಜನಕದ ಪರಮಾಣುವೊಂದರೊಡನೆ ಕೂಡಿದ ಆಕ್ಸೈಡಿನ ಹರಳು ಉಪ್ಪಿನ ಹರಳಿನ ಕಟ್ಟಣೆಯನ್ನೇ ಹೊಂದಿರುವದು. ಸುಮಾರು ಶೂನ್ಯದ ಕೆಳಗೆ ೧೫೫ ಡಿಗ್ರಿ ಸೆಂಟಿಗ್ರೇಡಿನ ವರೆಗೆ ಅದನ್ನು ತಂಪುಗೊಳಿಸಿದರೆ ಅದರ ಕಾಂತಗುಣವು ವಿಚಿತ್ರವಾಗಿ ಬದಲಾಗುವದೆಂದು ಮೊದಲೇ ತಿಳಿದಿದ್ದಿತು. ಪ್ರತಿಯೊಂದು ಮ್ಯಾಂಗನೀಸ ಪರಮಾಣುವೂ ಒಂದೊಂದು ಪುಟ್ಟ ಸೂಜಿಗಲ್ಲು. ಒಂದು ಸಾಲಿನ ಸೂಜಿಗಲ್ಲುಗಳು ಮೇಲ್ಮೊಗವಾದರೆ ಮುಂದಿನ ಸಾಲಿನವು ಕೆಳಮೊಗವಾಗುವದರಿಂದ ಹೊರಗೆ ಬಲವೇ ತೋರದೆಂದು ಫ್ರಾನ್ಸಿನ ನೀಲ್ ೧೯೩೦ರ ದಶಕದಲ್ಲಿ ಊಹಿಸಿದ್ದನು. ಅಮೇರಿಕೆಯ ಶಲ್ ಮತ್ತು ಸ್ಮಾರ್ಟ್ ಎಂಬವರು ೧೯೪೯ರಲ್ಲಿ ಪರಮಾಣು ರಿಯಾಕ್ಟರಿನಿಂದ ಹೊರಟ ನ್ಯೂಟ್ರಾನುಗಳನ್ನು ಆ ಆಕ್ಸೈಡಿನ ಮೂಲಕ ಹಾಯಿಸಿ ಈ ಊಹೆಯು ನಿಜವೆಂದು ಕಂಡರು. ಕ್ಷ-ಕಿರಣಗಳಿಗೆ ಪರಮಾಣುಗಳ ಸ್ಥಾನವಷ್ಟೇ ಸುಲಭವಾಗಿ ಕಾಣುವದು. ನ್ಯೂಟ್ರಾನು ತಾನೂ ಒಂದು ಪುಟ್ಟ ಸೂಜಿಗಲ್ಲಾದ್ದರಿಂದ ಅದಕ್ಕೆ ಅವುಗಳ ಮೊಗವೂ ಕಾಣುವದು. ಮೊಗಗಳನ್ನು ಲೆಕ್ಕಕ್ಕೆ ಹಿಡಿದರೆ ಆ ಹರಳಿನ ಮೂಲ ಘಟಕದ ಪ್ರತಿಯೊಂದು ಬದಿಯೂ ಇಮ್ಮಡಿಯಾಗುವದೆಂದು ತಿಳಿದುಬಂದಿತು.

ಇಲ್ಲಿ ಹಳೆಯ ೩೨ ವರ್ಗಗಳ ಕೋಷ್ಟಕವು ಸಾಲದಾಯಿತು. ಏಕೆಂದರೆ ಕಾಂತತ್ವವು ನಿಂತ ವಸ್ತುವಿನ ಗುಣವಲ್ಲ, ಸುತ್ತುವದರ ಗುಣ. ಗಾಣಕ್ಕೆ ಕಟ್ಟಿದ ಎತ್ತು ಬಲಕ್ಕೆ ಸುತ್ತುತ್ತಿರುವದೆಂದು ಭಾವಿಸೋಣ. ಕಾಲವು ಹಿಂದಕ್ಕೆ ಹರಿಯಿತೆಂದರೆ ಅದೇ ಎತ್ತು ಎಡಕ್ಕೆ ಸುತ್ತುವದು. ಗಾಣದ ಕಲ್ಲಾಗಲಿ, ಕಂಬವಾಗಲಿ, ನೊಗವಾಗಲಿ ಬದಲಾಗಲಿಲ್ಲ. ಬದಲಾದದ್ದು ಸುತ್ತುವ ದಿಕ್ಕು ಮಾತ್ರ. ಪರಮಾಣುವಿನ ಸೂಜಿಗಲ್ಲೂ ಹೀಗೆಯೇ ಕಾಲದ ವಿಪರ್ಯಯದಿಂದ ತಲೆಕೆಳಗಾಗುವದು. ಆದ್ದರಿಂದ ತಿರುಗಿಸುವದು, ಪ್ರತಿಬಿಂಬಿಸುವದು ಎಂಬ ಹಳೆಯ ಕ್ರಿಯೆಗಳ ಜತೆಗೆ ಕಾಲವನ್ನು ಹಿಮ್ಮುಖಗೊಳಿಸುವ ಕ್ರಿಯೆಯನ್ನೂ ಸೇರಿಸಿ ಹರಳುಗಳನ್ನು ಹೊಸದಾಗಿ ವಿಂಗಡಿಸಬೇಕಾಯಿತು. ರಶಿಯದ ಶುಬ್ನಿಕೊವ್ ೧೯೫೧ರಲ್ಲಿ ಕಪ್ಪು-ಬಿಳುಪು ಬಣ್ಣಗಳ ರೂಪದಲ್ಲಿ ಈ ವಿಂಗಡಣೆಯನ್ನು ಮಾಡಿದ್ದನು. ಆಗ ೩೨ ವರ್ಗಗಳ ಸ್ಥಳದಲ್ಲಿ ೧೨೨ ವರ್ಗಗಳೂ, ೨೩೦ ವಿನ್ಯಾಸಗಳ ಸ್ಥಳದಲ್ಲಿ ೧,೬೫೧ ವಿನ್ಯಾಸಗಳೂ ದೊರೆಯುವವು. ೧೨೨ರಲ್ಲಿ ೩೨ ವರ್ಗಗಳಿಗೆ ಕಾಲವಿಪರ್ಯಯವು ತಾನೇ ಒಂದು ಸಮಮಿತಿಯಾಗಿರುವದರಿಂದ ಅಲ್ಲಿ ಒಟ್ಟು ಕಾಂತಬಲಕ್ಕೆ ಎಡೆಯಿಲ್ಲ. ಉಳಿದ ೯೦ರಲ್ಲಿಯೂ ೩೧ ವರ್ಗಗಳ ಹರಳುಗಳು ಮಾತ್ರ ಹೊರಗೆ ಅಯಸ್ಕಾಂತವಾಗಿ ತೋರಬಲ್ಲವು. ೬೬ ವರ್ಗಗಳಲ್ಲಿ ಹರಳನ್ನು ಒತ್ತಿದಾಗ ಕಾಂತತ್ವವು ಹುಟ್ಟಬಹುದು; ೫೮ ವರ್ಗಗಳಲ್ಲಿ ವಿದ್ಯುದ್ಬಲವನ್ನು ಹಚ್ಚಿದಾಗ ಕಾಂತತ್ವವು ಹುಟ್ಟಬಹುದು.

೧೯೫೬ರ ನವೆಂಬರ ೧ರಂದು ಕಾರವಾರ ಜಿಲ್ಲೆಯು ಮುಂಬಯಿಯಿಂದ ಬಿಡುಗಡೆ ಹೊಂದಿ ಏಕೀಕೃತ ಕನ್ನಡ ನಾಡನ್ನು ಸೇರಿತು. ಮರುವರ್ಷವೇ ಭಗವಂತಂ ಅವರು ಬೆಂಗಳೂರಿಗೆ ಬಂದು ತಮ್ಮ ಸಮವಯಸ್ಕ ಸಂಸ್ಥೆಯ ನಿರ್ದೇಶಕ ಪದವಿಯನ್ನು ವಹಿಸಿಕೊಂಡರು. ಹಿಂದೆ ೧೯೩೩ರಿಂದ ೧೯೩೭ರ ವರೆಗೆ ಅವರ ಗುರುಗಳು ಕುಳಿತಿದ್ದ ಪೀಠವದು. ಅವರ ಆಡಳಿತದಲ್ಲಿ, ೧೯೫೮ರಲ್ಲಿ, ಆ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮನಾದ ಮನ್ನಣೆಯು ದೊರೆಯಿತು. ೧೯೫೯ಕ್ಕೆ ಅದು ಐವತ್ತು ವರ್ಷಗಳನ್ನು ಪೂರೈಸಿತು. ೧೯೬೧ರಲ್ಲಿ ಅವರು ಕೇಂದ್ರದ ರಕ್ಷಣಾ ಮಂತ್ರಿಗಳ ವೈಜ್ಞಾನಿಕ ಸಲಹೆಗಾರರಾಗಿ ನಿಯುಕ್ತರಾದರು. ೧೯೬೨ರಲ್ಲಿ ಸಂಸ್ಥೆಯ ಭಾರವು ಸತೀಶ ಧವನ್ ಅವರ ಹೆಗಲಿಗೆ ಹೋಯಿತು. ರಕ್ಷಣಾ ಇಲಾಖೆಯ ಕಾರ್ಯವನ್ನು ಭಗವಂತಂ ಅವರು ೧೯೬೯ರ ವರೆಗೆ ನಿರ್ವಹಿಸಿದರು. ಆ ಅವಧಿಯಲ್ಲಿ ೧೯೬೨ರ ಮತ್ತು ೧೯೬೫ರ ಎರಡು ಯುದ್ಧಗಳನ್ನು ದೇಶವು ಎದುರಿಸಬೇಕಾಯಿತೆಂಬದನ್ನು ನೆನೆದರೆ ಆ ಹುದ್ದೆಯ ಭಾರವೆಷ್ಟೆಂಬದು ತಿಳಿದೀತು.

ವಿದ್ವಾಂಸರನ್ನು ಪ್ರಯೋಗಶಾಲೆಯಿಂದ ಎಬ್ಬಿಸಿ ಕಚೇರಿಯ ಕುರ್ಚಿಯಲ್ಲಿ ಕೂಡಿಸುವದು ದೇಶಕ್ಕೆ ಹಿತವೋ ಅಹಿತವೋ ಎಂಬ ಚರ್ಚೆಯು ಹಳೆಯದು. ನಮ್ಮ ಮಟ್ಟಿಗೆ ಅದು ಬಹಳ ಸಲ ಅಹಿತವೇ ಎಂದು ನಾವು ಎಣಿಸುತ್ತೇವೆ. ಕಡತಗಳ ಧೂಳಿನಲ್ಲಿ ಎಷ್ಟೋ ಪ್ರತಿಭೆಗಳು ಮಂಕಾಗಿವೆ. ಆದರೆ ಭಗವಂತಂ ಅವರ ವಿಷಯದಲ್ಲಿ ಈ ಮಾತು ಪೂರ್ಣವಾಗಿ ಸಲ್ಲದು. ಕಾಂತ ಸಮಮಿತಿಯನ್ನು ಕುರಿತ ಅವರ ಕಾರ್ಯವು ನಡೆದದ್ದು ಈ ಅಧಿಕಾರದ ವರ್ಷಗಳಲ್ಲಿಯೇ. ಪಂತುಲು ಅವರೊಡನೆ ಕೂಡಿ ೧೯೬೪ರಲ್ಲಿ ಅವರು ಕಾಂತ ಸಮಮಿತಿಗೂ ಹರಳುಗಳ ಭೌತಿಕ ಗುಣಗಳಿಗೂ ಇರುವ ಸಂಬಂಧವನ್ನು ಸಮೂಹ-ಸಿದ್ಧಾಂತದ ರೀತಿಯಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ವಾಲ್ಟೇರಿನಲ್ಲಿ ಕಂಪನಗಳಿಗೂ ಸ್ಥಿತಿಸ್ಥಾಪಕತ್ವಕ್ಕೂ ಅನ್ವಯಿಸಿದ ಅದೇ ಎಣಿಕೆಯ ವಿದ್ಯೆಯನ್ನು ಇಲ್ಲಿ ಕಾಂತತ್ವಕ್ಕೆ ತಿರುಗಿಸಿದರು. ೧೯೬೬ರಲ್ಲಿ ಹೊರಬಿದ್ದ ಹರಳುಗಳ ಸಮಮಿತಿ ಮತ್ತು ಭೌತಿಕ ಗುಣಗಳನ್ನು ಕುರಿತ ಅವರ ಇಂಗ್ಲೀಷ ಗ್ರಂಥದಲ್ಲಿ ಈ ವಿಚಾರವೆಲ್ಲ ಒಂದೆಡೆಗೆ ಬಂದಿತು. ಅಧಿಕಾರದಲ್ಲಿದ್ದೂ ವಿದ್ಯೆಯನ್ನು ಬಿಡದ ಈ ನಿಷ್ಠೆಯನ್ನು ನಮ್ಮ ಅಧಿಕಾರಿ ವರ್ಗದವರು ಮುಖ್ಯವಾಗಿ ಗಮನಿಸತಕ್ಕದ್ದಿದೆ.

ಈ ವಿದ್ಯೆಯು ಕಾರವಾರ ಸೀಮೆಯವರ ಕಣ್ಣೆದುರಿಗಿನ ವಸ್ತುವನ್ನೇ ಹೇಗೆ ಬೆಳಗುವದೆಂಬದನ್ನು ನೋಡಿರಿ. ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರದಿಂದಲೂ ಕಾರವಾರ ಬಂದರದಿಂದಲೂ ಬಳ್ಳಾರಿ-ಹೊಸಪೇಟೆಯ ಕಬ್ಬಿಣದ ಅದಿರು ಹಡಗು ಹಡಗಾಗಿ ಹೊರದೇಶಕ್ಕೆ ಹೋಯಿತು. ೨೦೧೦ರ ಜುಲೈಯಲ್ಲಿ ರಾಜ್ಯ ಸರಕಾರವು ಅದನ್ನು ತಡೆಯಿತು. ಆ ಅದಿರಿನ ಬಹುಭಾಗವು ಕೆಂಪು ಬಣ್ಣದ ಹೆಮಟೈಟು. ಕುದುರೆಮುಖದ ಮ್ಯಾಗ್ನಟೈಟು ಅಯಸ್ಕಾಂತಕ್ಕೆ ಜಿಗಿದು ಅಂಟುವದು. ಹೆಮಟೈಟಾದರೋ ಕಬ್ಬಿಣದಿಂದಲೇ ತುಂಬಿದ್ದರೂ ಅಂಟಲೊಲ್ಲದು. ಅದರಲ್ಲಿಯೂ ಪರಮಾಣುಗಳು ಇದಿರುಬದಿರಾಗಿ ನಿಂತು ಒಂದರ ಬಲವನ್ನು ಇನ್ನೊಂದು ಅಳಿಸುವದೇ ಕಾರಣ. ಆದರೂ ಅತಿ ಸೂಕ್ಷ್ಮವಾದ ಕಾಂತಬಲವೊಂದು ಅದರಲ್ಲಿ ಉಳಿದಿರುವದನ್ನು ಕಂಡು, ಇದು ಬೆರಕೆಯ ದೋಷವಿರಬೇಕೆಂದು ಹಲವರು ಬಹುಕಾಲ ನಂಬಿದ್ದರು. ರಶಿಯದ ಜ್ಯಾಲೊಶಿನ್‌ಸ್ಕಿ ೧೯೫೭ರ ಸುಮಾರಿಗೆ ಹರಳಿನ ಸಮಮಿತಿಯನ್ನೇ ವಿಚಾರಿಸಿ ಈ ನಂಬಿಕೆಯನ್ನು ಅಲ್ಲಗಳೆದನು. ಶೂನ್ಯದ ಕೆಳಗೆ ಸುಮಾರು ೧೩ ಡಿಗ್ರಿಗಿಂತ ಹೆಚ್ಚಿನ ತಂಪಿನಲ್ಲಿ ಹೆಮಟೈಟಿನ ಸೂಜಿಗಲ್ಲುಗಳು ಹರಳಿನ ಮುಖ್ಯ ಅಕ್ಷದ ಗುಂಟ ನಿಲ್ಲುವವು. ಆಗ ಒಟ್ಟು ಬಲಕ್ಕೆ ಸಮಮಿತಿಯ ಸಮ್ಮತಿಯಿಲ್ಲ. ಅದಕ್ಕಿಂತ ಬೆಚ್ಚಗಾದರೆ ಅವು ಅಡ್ಡಕ್ಕೆ ಹೊರಳುವವು. ಆಗ ಸಮಮಿತಿಯು ಕೆಳಗಿಳಿದು, ಅವು ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿಗೂ ಕಡಿಮೆ ಓರೆಯಾಗಲು ಅನುಮತಿ ದೊರೆಯುವದು. ಆ ಓರೆಯೇ ಉಳಿದ ಬಲದ ಮೂಲ. ಕಾರವಾರದ ಕಡಲತೀರದ ಹವೆಯಲ್ಲಿ ಶೂನ್ಯದ ಕೆಳಗಿನ ತಂಪಿನ ಮಾತೇ ಇಲ್ಲ. ಆದ್ದರಿಂದ ಬೇಲೆಕೇರಿಯಲ್ಲಿ ರಾಶಿ ಬಿದ್ದಿದ್ದ ಹೆಮಟೈಟಿನ ಹರಳುಹರಳಿನಲ್ಲಿಯೂ ಈ ಓರೆಯು ಇದ್ದೇ ಇದ್ದಿತು. ಲಕ್ಷಗಟ್ಟಲೆ ಟನ್ನು ಅದಿರನ್ನು ನಾವು ಅಳೆದೆವು, ತೂಗಿದೆವು, ಮಾರಿದೆವು, ಅದಕ್ಕಾಗಿ ಕೋರ್ಟು-ಕಚೇರಿಗಳನ್ನೂ ಏರಿದೆವು. ಅದರ ಒಳಗಿನ ವ್ಯವಸ್ಥೆಯನ್ನು ಓದಬೇಕೆಂದು ನಮ್ಮಲ್ಲಿ ಎಷ್ಟು ಜನ ಬಯಸಿದೆವು?

ಅದಿರು ಅಗೆದಷ್ಟೂ ಮುಗಿಯುವ ಸಂಪತ್ತು. ಅದರ ಜ್ಞಾನವಾದರೋ ಕೊಟ್ಟಷ್ಟೂ ಬೆಳೆಯುವದು. ಅದಿರನ್ನು ಹೊರಗೆ ಕಳುಹಿಸಿ ಅದರ ಜ್ಞಾನವನ್ನು ಹೊರಗಿನಿಂದ ಬೆಲೆಗೆ ತರುವ ದೇಶವು ರಾಜಕೀಯ ಸ್ವಾತಂತ್ರ್ಯವನ್ನು ಪಡೆದರೂ ಅರ್ಧ ಪರಾಧೀನವೇ ಸರಿ. ಭಗವಂತಂ ಅವರ ಜೀವನದ ಪಾಠವು ಇಲ್ಲಿದೆ. ಅವರು ಹಿಡಿದ ವಿದ್ಯೆಗೆ ಕೋಟ್ಯಂತರ ರೂಪಾಯಿಗಳ ಯಂತ್ರಗಳು ಬೇಕಾಗಿರಲಿಲ್ಲ. ವಾಲ್ಟೇರಿನಂಥ ಊರಿನಲ್ಲಿ ಅದು ಬೆಳೆಯಿತೆಂದ ಬಳಿಕ ಕಾರವಾರದಲ್ಲಿ, ಅಂಕೋಲೆಯಲ್ಲಿ ಏಕೆ ಬೆಳೆಯಬಾರದು? ಆ ಗ್ರಂಥವು ಪ್ರಕಟವಾದ ೧೯೬೬ರಲ್ಲಿಯೇ ಶ್ರೀ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟು ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜನ್ನು ತೆರೆಯಿತು. ಕಾಳೀ ನದಿಯ ದಡದ ಕೈಗಾದಲ್ಲಿ ೨೦೦೦ನೆಯ ಇಸವಿಯಿಂದ ನ್ಯೂಟ್ರಾನುಗಳು ನೀರು ಕಾಯಿಸಿ ವಿದ್ಯುತ್ತನ್ನು ಕೊಡುತ್ತಿರುವವು. ಅದೇ ನ್ಯೂಟ್ರಾನುಗಳಿಂದ ಹರಳುಗಳ ಕಾಂತವಿನ್ಯಾಸವನ್ನು ಓದುವ ಕಾರ್ಯವು ಮುಂಬಯಿಯ ಟ್ರಾಂಬೆಯಲ್ಲಿ ನಡೆದಿರುವದು. ಕಾಲೇಜು, ಅದಿರು, ರಿಯಾಕ್ಟರು ಎಲ್ಲವೂ ಒಂದೇ ಜಿಲ್ಲೆಯ ಮೇರೆಯೊಳಗಿರುವವು. ಇವುಗಳನ್ನು ಒಂದುಗೂಡಿಸುವ ಜಿಜ್ಞಾಸೆಯೊಂದು ಹುಟ್ಟಬೇಕಾಗಿದೆ.

ಈ ವಿದ್ಯೆಯು ಹಳತಾಯಿತೆಂದು ಯಾರೂ ತಿಳಿಯಬಾರದು. ೨೦೨೨ರಿಂದೀಚೆಗೆ ಆಲ್ಟರ್‌ಮ್ಯಾಗ್ನೆಟ್ ಎಂಬ ಹೊಸ ಪಂಗಡದ ಕಾಂತವಸ್ತುಗಳ ಚರ್ಚೆಯು ಪ್ರಪಂಚದಲ್ಲೆಲ್ಲ ನಡೆದಿರುವದು. ಹೊರಗೆ ಬಲ ತೋರದಿದ್ದರೂ ಒಳಗಿನ ಇಲೆಕ್ಟ್ರಾನುಗಳನ್ನು ಭ್ರಮಣದ ದಿಕ್ಕಿಗನುಸಾರವಾಗಿ ಬೇರ್ಪಡಿಸುವ ಈ ವಸ್ತುಗಳನ್ನು ಮೊದಲು ಗುರುತಿಸಿದ್ದು ಸಮಮಿತಿಯ ವಿಚಾರದಿಂದಲೇ. ಪ್ರಯೋಗಗಳು ಅದರ ಹಿಂದಿನಿಂದ ಬಂದವು. ನಮ್ಮ ಹೆಮಟೈಟನ್ನೂ ಈ ಪಂಗಡಕ್ಕೆ ಸೇರಿಸಿ ವಿದ್ವಾಂಸರು ಪರೀಕ್ಷಿಸುತ್ತಿರುವರು.

ಡಾಕ್ಟರ ಭಗವಂತಂ ಅವರು ೧೯೮೯ನೆಯ ಇಸವಿಯ ಫೆಬ್ರುವರಿ ೬ರಂದು ನಿಧನ ಹೊಂದಿದರು. ಅವರ ಮಾತೃಭಾಷೆಯು ಕನ್ನಡವಲ್ಲದಿದ್ದರೂ ಕನ್ನಡ ನಾಡಿನ ಅತ್ಯುನ್ನತ ವಿದ್ಯಾಪೀಠವನ್ನು ಐದು ವರ್ಷ ನಡೆಸಿದ ಅವರ ಋಣವು ನಮ್ಮ ಮೇಲಿದೆ. ಆ ಋಣವು ಪ್ರತಿಮೆಯಿಂದಾಗಲಿ ಪುಣ್ಯತಿಥಿಯ ಭಾಷಣಗಳಿಂದಾಗಲಿ ತೀರತಕ್ಕದ್ದಲ್ಲ. ಕಾರವಾರ ಜಿಲ್ಲೆಯ ಪ್ರತಿಯೊಂದು ಕಾಲೇಜಿನ ಪುಸ್ತಕಾಲಯದಲ್ಲಿ ಅವರ ಗ್ರಂಥದ ಒಂದೊಂದು ಪ್ರತಿಯಿರಲಿ; ಅದರ ಪಕ್ಕದಲ್ಲಿ ಉಪ್ಪಿನ ಒಂದು ಹರಳನ್ನೂ ಹೆಮಟೈಟಿನ ಒಂದು ತುಂಡನ್ನೂ ಇಡಲಿ. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪವಾದದ್ದು. ಶಿಕ್ಷಣಾಧಿಕಾರಿಗಳೂ ಸಂಸ್ಥೆಗಳ ಚಾಲಕರೂ ಈ ಸೂಚನೆಯನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಾವು ಆಶಿಸುತ್ತೇವೆ.